ಹೋಮ್ ರನ್ ದಾಖಲೆಗಳು
ಬೇಸ್‌ಬಾಲಿನಲ್ಲಿ ಫೌಲ್ ಗೆರೆಗಳ ನಡುವೆ, ನೆಲಕ್ಕೆ ಬೀಳದೆ ಬೇಲಿ ದಾಟುವ ಹೊಡೆತ ಹೋಮ್ ರನ್. ಅಮೆರಿಕದ ಮೇಜರ್ ಲೀಗ್‌ನಲ್ಲಿ ಬೇಬ್ ರೂತ್ 1927ರ ಒಂದೇ ಋತುವಿನಲ್ಲಿ 60, ಇಡೀ ವೃತ್ತಿಜೀವನದಲ್ಲಿ ಒಟ್ಟು 714 ಹೊಡೆದರು. ಆ ಒಟ್ಟು ಮೊತ್ತವನ್ನು 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಮೀರಿದವರು ಹ್ಯಾಂಕ್ ಆರನ್. ಕಪ್ಪುವರ್ಣೀಯರೊಬ್ಬರು ರೂತ್ ಅವರನ್ನು ಹಿಂದಿಕ್ಕುವುದನ್ನು ಸಹಿಸದವರು ಕೊಲೆ ಬೆದರಿಕೆಯ ಪತ್ರಗಳನ್ನು ಬರೆದರೂ ಅವರು ಆಡುತ್ತಲೇ ಹೋದರು. ಆರನ್ ಅವರ ಒಟ್ಟು ಮೊತ್ತವಾದ 755 ಧೈರ್ಯದ ದಾಖಲೆಯೂ ಹೌದು. ಬ್ಯಾರಿ ಬಾಂಡ್ಸ್ 762ರೊಂದಿಗೆ ಈಗ ಮೊದಲಿಗರು, ಉದ್ದೀಪನ ಮದ್ದಿನ ಆರೋಪ ಮಾತ್ರ ಅವರನ್ನು ಬಿಟ್ಟಿಲ್ಲ. ಜಪಾನಿನ ಲೀಗ್‌ನಲ್ಲಿ ಸದಾಹರು ಓ ಅವರದು 868.

ಹೋಮ್ ರನ್ ಈಗ ಬಾಜಿಯ ವಸ್ತುವೂ ಹೌದು. ಅಮೆರಿಕದ ಸುಪ್ರೀಂ ಕೋರ್ಟ್‌ನ 2018ರ ತೀರ್ಪಿನ ಬಳಿಕ ಅಲ್ಲಿನ ಹಲವು ರಾಜ್ಯಗಳು ಕ್ರೀಡಾ ಬಾಜಿಗೆ ಅನುಮತಿ ಕೊಟ್ಟವು. ಯಾರು ಹೋಮ್ ರನ್ ಹೊಡೆಯುತ್ತಾರೆ ಎಂಬುದರ ಮೇಲೂ ಹಣ ಕಟ್ಟುತ್ತಾರೆ. ಬಲಾಢ್ಯ ಹೊಡೆತಗಾರರೂ ಬಹುತೇಕ ಪಂದ್ಯಗಳಲ್ಲಿ ಒಂದನ್ನೂ ಹೊಡೆಯದ ಕಾರಣ ಸೋಲುವವರೇ ಹೆಚ್ಚು. ಬೇಸ್‌ಬಾಲ್ ಮೇಲೆ ಆಟಗಾರರು ಬಾಜಿ ಕಟ್ಟುವುದಕ್ಕೆ ನಿಷೇಧವಿದೆ.