ಚೊಕ್ಕ ಬಂಗಾರದ ಕೆಂಪು ಹೊಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಬಂಗಾರ ಚೊಕ್ಕ ಮಾಡುವುದು ಹಿಂದಿನಿಂದಲೂ ಪತ್ತಾರರ ಕಸುಬಿನ ಒಂದು ಭಾಗ. ಎರಿಹೊಲದಲ್ಲಿ ಹತ್ತಿ ಬೆಳೆದವರು, ರಾಮದುರ್ಗದಲ್ಲಿ ಮಗ್ಗ ನಡೆಸಿದವರು ಕೈಯಲ್ಲಿ ನಾಲ್ಕು ದುಡ್ಡು ಉಳಿದಾಗ ಬೋರಮಾಳ, ಗೆಜ್ಜೆಟಿಕ್ಕಿ, ಬುಗುಡಿ ಮಾಡಿಸುತ್ತಿದ್ದರು. ಬರ ಬಿದ್ದಾಗ ಅವೇ ಒಡವೆ ಮಾರಾಟವಾಗಿ ಮತ್ತೆ ಮೂಸೆ ಸೇರುತ್ತಿದ್ದವು. ಹಳೆಯ ಒಡವೆ ಕರಗಿಸಿದಾಗ ಬೆಸುಗೆಯಲ್ಲಿದ್ದ ತಾಮ್ರ, ಬೆಳ್ಳಿ ಬಂಗಾರದೊಳಗೆ ಬೆರೆಯುತ್ತವೆ. ಅವನ್ನು ಆ್ಯಸಿಡ್ಡಿನಿಂದ ಬೇರ್ಪಡಿಸುವ ಕೆಲಸದಲ್ಲೇ ವಿಷದ ಹೊಗೆ ಹುಟ್ಟುತ್ತದೆ.

ಆ್ಯಸಿಡ್ ಬರುವ ಮೊದಲೂ ಈ ಕಸುಬು ನಿರಪಾಯವಾಗಿರಲಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ, ಸೊರಟೂರಿನ ಹಳ್ಳದ ಮರಳು ತೊಳೆದು ಹೊನ್ನಿನ ಕಣ ಹೆಕ್ಕುವ ಜಾಲಗಾರರನ್ನು ವರ್ಣಿಸಿದ್ದಾರೆ. ಪತ್ತಾರರ ಅಂಗಡಿಯ ಕಸ, ಬೂದಿ ತೊಳೆದು ಬಂಗಾರದ ಪುಡಿ ತೆಗೆಯುವುದೂ ಜಾಲಗಾರರದೇ ಕೆಲಸ. ಇಂಥ ಪುಡಿಯನ್ನು ಪಾದರಸದಿಂದ ಹಿಡಿದು, ಆಮೇಲೆ ಪಾದರಸವನ್ನು ಕಾಯಿಸಿ ಹಾರಿಸುವ ರೂಢಿ ಹಲವು ಕಡೆ ಇತ್ತು. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಉಸಿರಾಡಿದವರಿಗೆ ಅದರ ಸುಳಿವೇ ಸಿಗದು.

ಬೆಳ್ಳಿಯನ್ನು ಬಂಗಾರದಿಂದ ಬಿಡಿಸುವ ಹಳೆಯ ದಾರಿ ಪುಟ ಹಾಕುವುದು. ತೆಳುವಾಗಿ ಬಡಿದ ತಗಡುಗಳ ನಡುವೆ ಉಪ್ಪು, ಇಟ್ಟಿಗೆ ಪುಡಿ ತುಂಬಿ, ಬೆರಣಿಯ ಬೆಂಕಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಬೆಳ್ಳಿ ಕ್ಲೋರೈಡ್ ಆಗಿ ಇಟ್ಟಿಗೆ ಪುಡಿಗೆ ಇಳಿಯುತ್ತದೆ. 16ನೆಯ ಶತಮಾನದ ಕೊನೆಗೆ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಟಂಕಸಾಲೆಯ ಇಂಥದೇ ಕ್ರಮದ ವಿವರವಿದೆ. ತಾಮ್ರದಂಥ ಕಲಬೆರಕೆ ತೆಗೆಯಲು ಸೀಸ ಬೆರೆಸಿ ಊದುತ್ತಿದ್ದರು. ಸೀಸದ ಹೊಗೆ ಊದುವವರ ಮೈಗೇ ಸೇರುತ್ತಿತ್ತು. ಆದರೂ ಈ ವಿಷಗಳು ಸಾಮಾನ್ಯವಾಗಿ ನಿಧಾನದವು.

ಕಾರ್ಖಾನೆಯ ನೈಟ್ರಿಕ್ ಆ್ಯಸಿಡ್, ಅಂದರೆ ತೇಜಾಬು, ಅಗ್ಗವಾಗಿ ಸಿಗತೊಡಗಿದ ಮೇಲೆ ಕೆಲಸ ಬೇಗ ಮುಗಿಯಿತು, ಅಪಾಯವೂ ಬೇಗ ಬಂತು. ಒಂದು ಪಾಲು ಬಂಗಾರಕ್ಕೆ ಸುಮಾರು ಮೂರು ಪಾಲು ಬೆಳ್ಳಿ ಬೆರೆಸಿ ಕರಗಿಸಿ, ಆ ಮಿಶ್ರಣವನ್ನು ತೇಜಾಬಿನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಬಂಗಾರ ಕಂದು ಪುಡಿಯಾಗಿ ತಳದಲ್ಲಿ ಉಳಿಯುತ್ತದೆ. ಕರಗಿದ ಬೆಳ್ಳಿ ತಾಮ್ರದ ತಗಡು ಇಳಿಬಿಟ್ಟರೆ ಮರಳಿ ಬರುತ್ತದೆ. ಸಾಂಗಲಿ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿ ಕಡೆಯ ಬರಪೀಡಿತ ಹಳ್ಳಿಗಳಿಂದ ಹೊರಟ ಗಲಾಯಿ (ಚಿನ್ನ-ಬೆಳ್ಳಿ ಕರಗಿಸಿ ಚೊಕ್ಕ ಮಾಡುವ) ಕಸುಬಿನವರು ದೇಶದ ಊರೂರ ಸರಾಫ ಬಜಾರುಗಳಲ್ಲಿ ನೆಲೆಸಿ, ಇದನ್ನೇ ಬದುಕಾಗಿ ಮಾಡಿಕೊಂಡರು.

ಕುದಿಯುವ ಪಾತ್ರೆಯಿಂದ ಏಳುವ ಕೆಂಪು-ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಕೆಳಗೇ ನಿಲ್ಲುತ್ತದೆ. ಪತ್ತಾರರು ಕೂತು ಕೆಲಸ ಮಾಡುವ ಎತ್ತರವೂ ಅದೇ. ಮೊದಲು ಬರೀ ಕೆಮ್ಮು ಬರುತ್ತದೆ, ಆಮೇಲೆ ಆರಾಮಾಯಿತು ಅನ್ನಿಸುತ್ತದೆ. ಎಷ್ಟೋ ಗಂಟೆ ಕಳೆದ ಮೇಲೆ ಪುಪ್ಪುಸದಲ್ಲಿ ನೀರು ತುಂಬಿಕೊಳ್ಳಬಹುದು. ಎಲ್ಲಕ್ಕಿಂತ ಕ್ರೂರವಾದದ್ದು ಈ ನಡುವಿನ ನೆಮ್ಮದಿಯೇ.

ಹೊಗೆಯನ್ನು ಹಿಡಿಯುವ ವಿದ್ಯೆ ಹೊಸದಲ್ಲ. ಹೊಗೆಯನ್ನು ಹಲವು ಸೀಸೆಗಳ ನೀರಿನೊಳಗೆ ಹಾಯಿಸಿ ಉಳಿಸಿಕೊಳ್ಳುವ ಉಪಕರಣವನ್ನು ರಸಾಯನವಿಜ್ಞಾನಿ ಪೀಟರ್ ವುಲ್ಫ್ 1767ರಲ್ಲೇ ಲಂಡನ್ನಿನಲ್ಲಿ ವಿವರಿಸಿದ್ದ. ಆ್ಯಸಿಡ್ ಪೋಲಾಗಬಾರದು, ಕೆಲಸಗಾರರಿಗೆ ಕೆಟ್ಟ ಹೊಗೆ ತಾಗಬಾರದು ಎಂಬ ಎರಡೂ ಉದ್ದೇಶ ಅದರಲ್ಲಿತ್ತು. ಬ್ರಿಟನ್ನಿನ 1863ರ ಆ್ಯಲ್ಕಲಿ ಕಾಯ್ದೆ, ಸೋಡಾ ಕಾರ್ಖಾನೆಗಳು ಹೈಡ್ರೋಕ್ಲೋರಿಕ್ ಆ್ಯಸಿಡ್ ಹೊಗೆಯ ನೂರಕ್ಕೆ 95 ಪಾಲನ್ನು ಹಿಡಿಯಲೇಬೇಕೆಂದು ವಿಧಿಸಿತು. ಕೆಂಪು ಹೊಗೆ ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನೀರಿಗಿಳಿದ ಮೂರು ಪಾಲಿನಲ್ಲಿ ಎರಡು ಪಾಲು ನೈಟ್ರಿಕ್ ಆ್ಯಸಿಡ್ ಆದರೆ, ಒಂದು ಪಾಲು ನೀರಿನಲ್ಲಿ ಅಷ್ಟಾಗಿ ಕರಗದ, ಬಣ್ಣವಿಲ್ಲದ ನೈಟ್ರಿಕ್ ಆಕ್ಸೈಡ್ ಆಗಿ ಹೊರಬೀಳುತ್ತದೆ. ಅದು ಗಾಳಿ ಸೇರಿದೊಡನೆ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಒಂದು ಬಕೆಟ್ ನೀರು ಸಾಲದು. ಪಾತ್ರೆಯ ಬಾಯಿಯ ಪಕ್ಕದಲ್ಲೇ ಹೊಗೆ ಎಳೆಯುವ ಗೂಡು, ನಡುವೆ ಗಾಳಿ ಸೇರಲು ಜಾಗ, ಒಂದರ ಹಿಂದೊಂದು ತೊಳೆಯುವ ತೊಟ್ಟಿ, ಕೊನೆಯದರಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಬೇಕು. ಆ್ಯಸಿಡ್ಡನ್ನು ಸ್ವಲ್ಪಸ್ವಲ್ಪವೇ ಹಾಕಿದರೆ ಹೊಗೆ ಒಮ್ಮೆಲೇ ಉಕ್ಕುವುದಿಲ್ಲ.

ಸಣ್ಣ ಅಂಗಡಿಗಳು ಸಾಮಾನ್ಯವಾಗಿ ನೆಚ್ಚಿಕೊಳ್ಳುವುದು ಮಾಳಿಗೆಗಿಂತ ಎತ್ತರಕ್ಕೆ ಏರಿಸಿದ ಒಂದು ಕೊಳವೆಯನ್ನು. ಅದು ಕೆಲಸಗಾರರನ್ನು ಒಂದಿಷ್ಟು ಕಾಪಾಡುತ್ತದೆ, ಹೊಗೆಯನ್ನು ಇಲ್ಲವಾಗಿಸುವುದಿಲ್ಲ. ಮನೆಗೆ ಮನೆ ಅಂಟಿಕೊಂಡ ಪೇಟೆ ಓಣಿಯಲ್ಲಿ ಆಚೆಮನೆಯ ಮಾಳಿಗೆಗೆ ದಾಟಿಸುತ್ತದೆ.

2021ರ ಜೂನ್ 16ರಿಂದ ಮೊದಲ ಹಂತದಲ್ಲಿ ದೇಶದ 256 ಜಿಲ್ಲೆಗಳಲ್ಲಿ ಬಂಗಾರದ ಒಡವೆಗೆ ಶುದ್ಧತೆಯ ಗುರುತಾದ ಹಾಲ್‌ಮಾರ್ಕ್ ಕಡ್ಡಾಯವಾಯಿತು. 22 ಕ್ಯಾರೆಟ್ ಒಡವೆಯಲ್ಲಿ ಸಾವಿರಕ್ಕೆ 916 ಪಾಲು ಬಂಗಾರ ಇರಲೇಬೇಕಾದ್ದರಿಂದ ಹಳೆಯ ಬಂಗಾರವನ್ನು ಚೊಕ್ಕ ಮಾಡುವ ಕೆಲಸ ತಪ್ಪುವಂಥದಲ್ಲ. ತೊಳೆಯುವ ತೊಟ್ಟಿಯಿಲ್ಲದ ಕೋಣೆಯಲ್ಲಿ ಅದನ್ನು ಮಾಡಕೂಡದು. ಹೊಗೆ ಕುಡಿದವರು ಕೆಮ್ಮು ನಿಂತಿತೆಂದು ಮಲಗದೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಒಂದೆರಡು ದಿನ ವೈದ್ಯರ ನಿಗಾದಲ್ಲಿ ಇರಬೇಕು.