ಗಿರಿಧಾಮವಾಗದ ಮಂಜರಾಬಾದು

ಗಿರಿಧಾಮವೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಉದಕಮಂಡಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿಯನ್ನೇರಿ, ಅಲ್ಲಿಯ ತಂಪಿಗೆ ಮರುಳಾಗಿ ಮನೆ ಕಟ್ಟಿಸಿದ. ಬೇಸಗೆಯಲ್ಲಿ ಮದರಾಸಿನ ಸರ್ಕಾರವೇ ಬೆಟ್ಟ ಹತ್ತುವ ಕಾಲವೂ ಮುಂದೆ ಬಂತು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ತನಗಾಗಿ ನಂದಿಬೆಟ್ಟವನ್ನು ಆರಿಸಿಕೊಂಡ. ಆದರೆ ಹಾಸನ ಸೀಮೆಯ ಪಶ್ಚಿಮದಂಚಿನಲ್ಲಿ ಮಂಜು, ಹೊಳೆ, ಹಸುರು ಎಲ್ಲವೂ ಇದ್ದ ಮಂಜರಾಬಾದನ್ನು ಯಾವ ದೊರೆಯೂ ವಿಹಾರಸ್ಥಾನವಾಗಿ ಕಟ್ಟಲಿಲ್ಲ. ದಂಡಿಗನಹಳ್ಳಿಯ ಬಯಲಿನಿಂದ ಹೊರಟು, ತೆಂಗು ರಾಗಿಗಳ ನಾಡನ್ನು ದಾಟಿ, ಒಂದೇ ಹಗಲಿನಲ್ಲಿ ಆ ಮಂಜಿನೊಳಗೆ ಹೊಕ್ಕಾಗಲೆಲ್ಲ ಇದು ನನ್ನನ್ನು ಕಾಡಿದ ವಿಷಯ.

ಆ ಹೆಸರು ಟಿಪ್ಪುವಿನ ಕಾಲದ್ದು. ಮೂರನೆಯ ಮೈಸೂರು ಯುದ್ಧದಲ್ಲಿ ಸೋತು ಅರ್ಧ ರಾಜ್ಯವನ್ನು ಕಳೆದುಕೊಂಡ ಸುಲ್ತಾನನು 1792ರಲ್ಲಿ ಮಂಗಳೂರಿನ ದಾರಿಯನ್ನು ಕಾಯಲೆಂದು ದೋಣಿಗಾಲಿನ ಬಳಿಯ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ. ಎಂಟು ಮೂಲೆಗಳ ನಕ್ಷತ್ರದಂತೆ ಹರಡಿರುವ ಆ ಕೋಟೆ ಫ್ರೆಂಚರ ದುರ್ಗವಿದ್ಯೆಯನ್ನು ಅನುಸರಿಸಿದ್ದು. ಕಟ್ಟಿದ ಕೋಟೆಯನ್ನು ನೋಡಲು ಬಂದಾಗ ಅದು ಮಂಜಿನಲ್ಲಿ ಮುಚ್ಚಿಹೋಗಿತ್ತೆಂದೂ, ಅದರಿಂದಲೇ ಈ ಹೆಸರಿಟ್ಟನೆಂದೂ ಜನ ಹೇಳುತ್ತಾರೆ. ಮಧ್ಯದಲ್ಲಿ ಮೆಟ್ಟಿಲಿಳಿದು ಹೋಗುವ ಕೊಳ, ನೆಲದಡಿಯ ಮದ್ದಿನ ಮನೆಗಳು. ಹೊರಗೆ ಎಷ್ಟೇ ಬಿಸಿಲಿರಲಿ, ಆ ಮನೆಗಳೊಳಗೆ ಮೈ ನಡುಗಿಸುವ ತಂಪು.

ಟಿಪ್ಪು ಮಡಿದ ಮೇಲೂ ಈ ಕಾಡು ಸುಲಭವಾಗಿ ಆಂಗ್ಲರ ಕೈಗೆ ಬರಲಿಲ್ಲ. ಬಲಂ ನಾಡಿನ ಪಾಳೆಯಗಾರ ವೆಂಕಟಾದ್ರಿ ನಾಯಕನು ತಿರುಗಿಬಿದ್ದ. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನ ಮೇಲೆ ಜಯ ಸಾಧಿಸಲಿದ್ದ ಆರ್ಥರ್ ವೆಲ್ಲೆಸ್ಲಿಯೇ 1802ರಲ್ಲಿ ಸೈನ್ಯದೊಡನೆ ಬಂದು ಅರಕೆರೆಯ ಠಾಣ್ಯವನ್ನು ಹಿಡಿಯಬೇಕಾಯಿತು. ನಾಯಕನನ್ನು ಗಲ್ಲಿಗೇರಿಸಲಾಯಿತು. ಯುರೋಪಿನ ಚರಿತ್ರಕಾರರಿಗೆ ಇದು ಅಡಿಟಿಪ್ಪಣಿಯಷ್ಟರ ವಿಷಯ, ನಮಗೆ ಹಾಗಲ್ಲ.

ಸೈನಿಕರ ಹಿಂದೆ ಬಂದವರು ತೋಟಗಾರರು. 1843ರಲ್ಲಿ ಗ್ರೀನ್ ಎಂಬ ದೊರೆ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟವೆಬ್ಬಿಸಿದ. 1856ರಲ್ಲಿ ಕೆಲಸ ತೊಡಗಿದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು ಎರಡು ಗ್ರಂಥಗಳಲ್ಲಿ ಬರೆದಿಟ್ಟಿದ್ದಾನೆ. ಉದಕಮಂಡಲದ ದೊರೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಬೆಟ್ಟ ಹತ್ತಿದವನು. ಇಲ್ಲಿಯವನು ದುಡ್ಡು ಬೆಳೆಯಲು ಬಂದವನು. ಜ್ವರವೂ ಮುಂಗಾರಿನ ಜಡಿಮಳೆಯೂ ಇರುವ ಕಡೆ ವಿಹಾರಕ್ಕೆ ಬರುವವರಾರು? ವಿಹಾರವೆಂದರೆ ಬೇಟೆ, 1893ರಲ್ಲಿ ಸಕಲೇಶಪುರದಲ್ಲಿ ಹುಟ್ಟಿದ ಮಂಜರಾಬಾದ್ ಕ್ಲಬ್ಬು ಕೂಡ ತೋಟದ ಲೆಕ್ಕಾಚಾರ ಮುಗಿಸಿ ಬಂದವರ ಕೂಟ.

ಇನ್ನು ಹಸುರಿನ ಮಾತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಮೈಸೂರು ಮಲೆನಾಡಿನ ಕಾಫಿಗಿಡಗಳನ್ನು ಒಳಗಿಂದೊಳಗೇ ಕೊರೆದು ಹಾಕಿತು. ಚಿಕ್ಕಮಗಳೂರಿನ ಹಳೆಯ ‘ಚಿಕ್’ ತಳಿ ಸೊರಗಿ, ಅದರ ಜಾಗದಲ್ಲಿ ಕೊಡಗಿನ ತಳಿಯನ್ನು ನೆಡಬೇಕಾಯಿತು. ಬಿಸಿಲು ನೇರವಾಗಿ ಬೀಳುವ ಗಿಡಕ್ಕೇ ಈ ಹುಳುವಿನ ಕಾಟ ಹೆಚ್ಚು, ನೆರಳಿದ್ದಲ್ಲಿ ಕಡಮೆ. ಆದುದರಿಂದ ಹಳೆಯ ಮರಗಳನ್ನು ಉಳಿಸಿಕೊಳ್ಳುವುದು ತೋಟಗಾರನಿಗೆ ಅನಿವಾರ್ಯವಾಯಿತು. ಕಾಡಿನ ಮೇಲಿನ ಪ್ರೀತಿಯೇ ಮರಗಳನ್ನು ಕಾಪಾಡಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹುಳುವಿಗೂ ಅದರ ಪುಣ್ಯದಲ್ಲಿ ದೊಡ್ಡ ಪಾಲು ಸಲ್ಲಬೇಕು.

ಆ ನೆರಳಿನಡಿ ದುಡಿದವರ ಹೆಸರುಗಳು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ತುಳುನಾಡಿನಲ್ಲಿ ‘ಘಟ್ಟಕ್ಕೆ ಹೋದ’ ಎಂದರೆ ಕೂಲಿಗೆ ಹೋದ ಎಂದೇ ಅರ್ಥವಿತ್ತು. ಮೇಸ್ತ್ರಿಯಿಂದ ಮುಂಗಡ ಪಡೆದು, ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹತ್ತಿದವರು ಮುಂಗಡ ತೀರುವವರೆಗೆ ಇಳಿಯುವಂತಿರಲಿಲ್ಲ. ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನಕ್ಕೂ ಗತಿ ಕಾಫಿ ಕೊಯಿಲೇ. ಅವರ ಬಾಯಲ್ಲಿ ಮಲೆನಾಡೆಂದರೆ ಚಳಿ, ಜಿಗಣೆ, ಜ್ವರ. ಸೌಂದರ್ಯವೆಂಬ ಮಾತು ಅವರ ನೆನಪುಗಳಲ್ಲಿ ಬರುತ್ತಿರಲಿಲ್ಲ.

1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಪೂರ್ತಿಯಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಘಟ್ಟದಲ್ಲಿ 57 ಸುರಂಗಗಳು! ಮೀಟರ್‌ಗೇಜನ್ನು ಬ್ರಾಡ್‌ಗೇಜಾಗಿಸಲು 1996ರಲ್ಲಿ ನಿಂತುಹೋದ ಪ್ರಯಾಣಿಕರ ಸಂಚಾರ ಮತ್ತೆ ತೊಡಗಿದ್ದು 2007ರಲ್ಲಿ. ಈಗ ಸಕಲೇಶಪುರಕ್ಕೆ ಬೆಂಗಳೂರಿನಿಂದ ವಾರಾಂತ್ಯದ ಜನಪ್ರವಾಹ. ಹಳೆಯ ತೋಟದ ಮನೆಗಳು ಅತಿಥಿಗೃಹಗಳಾಗಿವೆ. ನೆಲದಿಂದ ನೋಡುವವನಿಗೆ ಎಂದೂ ಪೂರ್ತಿ ಕಾಣಸಿಗದ ಆ ಕೋಟೆಯ ನಕ್ಷತ್ರಾಕಾರ, ಆಕಾಶದಿಂದ ತೆಗೆದ ಚಿತ್ರಗಳ ಮೂಲಕ ಮನೆಮನೆಗೂ ತಲುಪಿದೆ. ಮುಂಗಾರು ಹಿಡಿದ ದಿನ ಮಾತ್ರ, ಮೆಟ್ಟಿಲುಗಳನ್ನು ಹತ್ತಿ ಹೋದವನಿಗೆ ತನ್ನೆದುರಿನ ಗೋಡೆಯೂ ಕಾಣುವುದಿಲ್ಲ.