ಕೋಲಾರ ಚಿನ್ನದ ಗಣಿಯ ಇಂಗ್ಲಿಷ್: ಸ್ಕಾಟಿಷ್ ಮತ್ತು ಕಾರ್ನಿಷ್ ಪದಗಳು

ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಪ್ರದೇಶದಲ್ಲಿ 1880ರಿಂದೀಚೆಗೆ ನೆಲೆಯೂರಿದ ಗಣಿ ಇಂಗ್ಲಿಷ್‌ನಲ್ಲಿ ಲಂಡನ್ನಿನ ಶಿಷ್ಟ ಭಾಷೆಗೆ ಸೇರದ ಪದಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವು ಸ್ಕಾಟ್ಲೆಂಡಿನಿಂದ ಬಂದವು, ಹಲವು ಕಾರ್ನ್‌ವಾಲಿನಿಂದ ಬಂದವು.

ಇಂಗ್ಲಿಷ್‌ಗೆ ಸ್ಕಾಟಿಷ್ ಪದಗಳನ್ನು ಕೊಟ್ಟ ಭಾಷೆಗಳು ಎರಡು. ಸ್ಕಾಟ್ಸ್ ಎಂಬುದು ಇಂಗ್ಲಿಷ್‌ನ ಸೋದರ ಭಾಷೆ. ಗೇಲಿಕ್ ಬೇರೆಯೇ ಆದ ಕೆಲ್ಟಿಕ್ ಬಳಗದ್ದು. ‘ವಿಸ್ಕಿ’ ಗೇಲಿಕ್‌ನಲ್ಲಿ ಜೀವಜಲ ಎಂಬರ್ಥದ ಮಾತಿನಿಂದ ಹುಟ್ಟಿತು. ‘ಸ್ಲೋಗನ್’ ಮೂಲತಃ ದಂಡಿನ ಯುದ್ಧಘೋಷ. ವ್ಯಾಕರಣವನ್ನು ಸೂಚಿಸುವ ‘ಗ್ರಾಮರ್’ ಪದವೇ ಸ್ಕಾಟ್ಸ್ ಬಾಯಲ್ಲಿ ‘ಗ್ಲಾಮರ್’ ಆಗಿ, ಮಾಯೆ, ಕಣ್ಕಟ್ಟು ಎಂಬ ಅರ್ಥ ಪಡೆಯಿತು. ಅದನ್ನೂ ‘ರೇಡ್’ ಪದವನ್ನೂ ಇಂಗ್ಲಿಷ್ ಓದುಗರಲ್ಲಿ ಹರಡಿದವನು ವಾಲ್ಟರ್ ಸ್ಕಾಟ್ (1771–1832). ಪೊಲೀಸರ ರೇಡ್, ಸಿನಿಮಾದ ಗ್ಲಾಮರ್ ಎಂದು ಕನ್ನಡದಲ್ಲಿ ದಿನವೂ ಬಳಕೆಯಾಗುವ ಈ ಮಾತುಗಳ ಹಿಂದೆ ಸ್ಕಾಟ್ಲೆಂಡ್ ಇದೆ ಎಂಬುದು ಬಹುಮಂದಿಯ ಗಮನಕ್ಕೆ ಬಂದಿಲ್ಲ.

ಕೆ.ಜಿ.ಎಫ್. ಮಟ್ಟಿಗೆ ಅತ್ಯಂತ ಮಹತ್ವದ ಸ್ಕಾಟಿಷ್ ಪದ ‘ಡೈಕ್’. ದಕ್ಷಿಣ ಇಂಗ್ಲೆಂಡಿನಲ್ಲಿ ಇದು ತೋಡು ಅಥವಾ ಏರಿ. ಸ್ಕಾಟ್ಲೆಂಡಿನಲ್ಲಿ ಹೊಲದ ಸುತ್ತ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಕರಗಿದ ಶಿಲೆ ಬಿರುಕಿನೊಳಗೆ ನುಗ್ಗಿ ತಣಿದು ಗಟ್ಟಿಯಾಗುತ್ತದೆ. ಸುತ್ತಲಿನ ಕಲ್ಲು ಸವೆದಾಗ ಅದು ಗೋಡೆಯಂತೆ ಎದ್ದು ನಿಲ್ಲುತ್ತದೆ. ಸ್ಕಾಟ್ಲೆಂಡಿನ ಜನ ಅದನ್ನೂ ಡೈಕ್ ಎಂದರು. ಆಧುನಿಕ ಭೂವಿಜ್ಞಾನಕ್ಕೆ ಬುನಾದಿ ಹಾಕಿದ ಜೇಮ್ಸ್ ಹಟನ್ (1726–1797) ಎಡಿನ್‌ಬರೊದವನೇ ಆದುದರಿಂದ, ಆ ನಾಡಿನ ಆಡುಮಾತು ಜಗತ್ತಿನ ಶಾಸ್ತ್ರಪದವಾಗಿ ನಿಂತದ್ದು ಸಹಜ. ಸುಮಾರು 80 ಕಿ.ಮೀ. ಉದ್ದದ ಕೋಲಾರ ಶಿಸ್ಟ್ ಪಟ್ಟಿಯನ್ನು ಡಾಲರೈಟ್ ಡೈಕ್‌ಗಳು ಅಡ್ಡಹಾಯ್ದಿವೆ. ಗಣಿ ಆಳಕ್ಕಿಳಿದಂತೆ ಇವುಗಳ ಆಸುಪಾಸಿನಲ್ಲಿ ಬಂಡೆ ಸಿಡಿತದ ಅಪಾಯ ಹೆಚ್ಚು. ಹಾಗಾಗಿ ಚಾಂಪಿಯನ್ ರೀಫ್‌ನಂತಹ ಗಣಿಯ ನಕ್ಷೆಯಲ್ಲಿ ಡೈಕ್ ಎಲ್ಲಿದೆ ಎಂಬುದು ಜೀವದ ಪ್ರಶ್ನೆಯಾಗಿತ್ತು. ಬಂಡೆ ಸಿಡಿತಕ್ಕೆ ಆರಂಭದಲ್ಲಿ ಇಲ್ಲಿ ‘ಏರ್ ಬ್ಲಾಸ್ಟ್’ ಎಂಬ ಹೆಸರಿತ್ತು; ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ 1904ರಲ್ಲಿ ಅದೇ ಪದದಡಿ ವರದಿ ಬರೆದರು.

ಅದಿರಿನ ಪುಡಿಯಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನ ತೆಗೆಯುವ ವಿಧಾನವೂ ಸ್ಕಾಟ್ಲೆಂಡಿನದೇ. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಅದಕ್ಕೆ ಪೇಟೆಂಟ್ ಪಡೆದರು. ಊರಿನ ಸುತ್ತ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು ಆ ಕೆಲಸದ ಶೇಷ.

ಆದರೆ ಗಣಿಯೊಳಗಿನ ದಿನನಿತ್ಯದ ಮಾತಿನಲ್ಲಿ ಕಾರ್ನ್‌ವಾಲಿನ ಪಾಲೇ ದೊಡ್ಡದು. ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿನ ತವರ ಮತ್ತು ತಾಮ್ರದ ಗಣಿಗಳಲ್ಲಿ ನುರಿತವರನ್ನು ಕರೆತಂದಿತು. ಮೇಲ್ವಿಚಾರಕನಿಗೆ ‘ಕ್ಯಾಪ್ಟನ್’, ಅದಿರು ಕಡಿದು ತೆರವಾದ ಜಾಗಕ್ಕೆ ‘ಸ್ಟೋಪ್’, ಒಂದು ಮಟ್ಟದಿಂದ ಕೆಳಗಿನ ಮಟ್ಟಕ್ಕೆ ತೋಡಿದ ಸಣ್ಣ ಬಾವಿಗೆ ‘ವಿಂಝ್’ ಎಂಬ ಬಳಕೆಗಳು ಆ ಗಣಿಗಾರರ ವೃತ್ತಿಪದಗಳು. ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ಈ ಪದಗಳನ್ನು ಕಲಿತದ್ದು ಪುಸ್ತಕದಿಂದಲ್ಲ, ಕತ್ತಲ ಸುರಂಗದ ಕೆಲಸದಿಂದ. ಈ ಕಲಿಕೆಗೆ ಸಲ್ಲಬೇಕಾದ ಗೌರವ ಭಾಷಾಚರಿತ್ರೆಯಲ್ಲಿ ಇನ್ನೂ ಸಂದಿಲ್ಲ.

ಊರಹೆಸರುಗಳ ಕಥೆ ಬೇರೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆಯಲ್ಲಿ ಸ್ಕಾಟ್ಲೆಂಡಿನಲ್ಲಿ ಪ್ರಚಲಿತವಾದ ಕುಲನಾಮವೊಂದು ಕನ್ನಡದ ‘ಪೇಟೆ’ಗೆ ಅಂಟಿಕೊಂಡಿದೆ. ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಮಾತ್ರ ಬಂಗಾರಪೇಟೆಯಾಯಿತು. 1894ರಲ್ಲಿ ಅಲ್ಲಿಂದಲೇ ಮಾರಿಕುಪ್ಪಂವರೆಗೆ ಗಣಿ ರೈಲು ಓಡತೊಡಗಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಬಳಿಕ ಕ್ಯಾಪ್ಟನ್, ವಿಂಝ್ ಮೊದಲಾದ ಪದಗಳು ನಿವೃತ್ತ ಕಾರ್ಮಿಕರ ಮಾತಿಗೆ ಸೀಮಿತವಾದವು. ಡೈಕ್ ಭೂವಿಜ್ಞಾನದ ಪದವಾದುದರಿಂದ ಕೋಲಾರ ಪಟ್ಟಿಯ ಶಿಲಾ ಅಧ್ಯಯನಗಳಲ್ಲಿ ಅದರ ಬಳಕೆ ಮುಂದುವರಿದಿದೆ.